ಗಂಗಿಯ ಕೊಂಬು

ಶಿವಬಸಮ್ಮ ಎರಡು ಕೊಂಬುಗಳನ್ನು ಹಳೆಯ ಚೀಲದ ತುಂಡಿನಲ್ಲಿ, ಕೈಗೆ ತಾಗದಂತೆ ಹಿಡಿದು ತಂದು ಮಲ್ಲೇಶ್ವರಿಯ ಅಂಗಳದಲ್ಲಿ ಇಟ್ಟಳು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು.

"ಇದೇನ ಮಲ್ಲೇಶ್ವರಿ? ಹುಲ್ಲ ಕೊಯ್ಯಾಕ ಹೋಗಿದ್ದೆ. ಬದುವಿನ್ಯಾಗ, ಸುಣ್ಣ ಹಚ್ಚಿದ ಕಲ್ಲಿನ ಕೆಳಗ ಹುಗದಿದ್ರು."

ರೊಟ್ಟಿ ಬಡಿಯುತ್ತಿದ್ದ ಮಲ್ಲೇಶ್ವರಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಅವರಿಬ್ಬರೂ ಅಣ್ಣತಮ್ಮಂದಿರ ಹೆಂಡಂದಿರು, ಶಿವಬಸಮ್ಮ ಹಿರಿಯಳು. ಕಕ್ಕೇರಾದ ಆಚೆ, ಕಾಲುವೆ ಪಕ್ಕದ ಹೊಲ ಪಾಲಾದ ಮೇಲೆ ನಡುವೆ ಒಂದು ಬದು ಎದ್ದಿತ್ತು. ಮಾತೂ ಅಂದಿನಿಂದ ಅಷ್ಟಕ್ಕಷ್ಟೇ.

"ಅಯ್ಯ ಯಕ್ಕಾ, ನೀನ ತೆಗದಿಯಾ? ಇವತ್ತ ಸಂಜಿಗಿ ನಾನ ತೆಗೀಬೇಕಂತ ಮಾಡಿದ್ದೆ."

"ಅಂದ್ರ ಹುಗದಾಕಿನೂ ನೀನ." ಶಿವಬಸಮ್ಮನ ದನಿ ತಗ್ಗಿತು. "ನಿನ್ನಿಯಿಂದ ನಮ್ಮ ಎಮ್ಮಿ ಹಾಲ ಕೊಡವಲ್ದು. ಯಾರೋ ಬಾನಾಮತಿ ಮಾಡ್ಯಾರ ಅನಕೊಂಡೆ. ನೀ ಇರಬಹುದಂತ ಕನಸಿನ್ಯಾಗೂ ಅನಕೊಂಡಿದ್ದಿಲ್ಲ."

ಮಾಟ ಮಾಡುವವಳು ಎಂಬ ಮಾತು ಈ ಸೀಮೆಯಲ್ಲಿ ಒಮ್ಮೆ ಹೆಂಗಸಿನ ಹೆಸರಿಗೆ ಅಂಟಿಕೊಂಡರೆ ಮುಗಿಯಿತು. ಆ ಮನೆಯ ಮಜ್ಜಿಗೆಯನ್ನೂ ಯಾರೂ ಮುಟ್ಟುವುದಿಲ್ಲ.

"ಯಕ್ಕಾ, ಅದು ಗೊಬ್ಬರ. ಶಹಾಪುರದ ತರಬೇತಿಯೊಳಗ ಹೇಳಿಕೊಟ್ಟಾರ. ಆಕಳ ಕೊಂಬಿನ್ಯಾಗ ಹಸಿ ಸಗಣಿ ತುಂಬಿ ದಸರಾದಾಗ ಹುಗೀಬೇಕು, ಯುಗಾದಿ ಸುಮಾರಿಗಿ ತೆಗೀಬೇಕು. ನೀರಾಗ ಕದಡಿ ಚಂದ್ರ ಇಳಿಮುಖ ಇದ್ದಾಗ ಹೊಲಕ್ಕ ಚಿಮುಕಿಸಿದ್ರ ಮಣ್ಣಿಗಿ ಜೀವ ಬರತದ. ಇವತ್ತ ಬಿಟ್ರ ಮತ್ತ ಅರ್ಧ ತಿಂಗಳು ಕಾಯಬೇಕು, ಬೆಂಡಿ ಬೀಜ ಊರೋದು ತಡ ಆಗತದ."

"ಸಗಣಿ ತಿಪ್ಪಿಗಿ ಹಾಕ್ತಾರ. ಕೊಂಬಿಗಿ ತುಂಬೋದು ಯಾ ಊರ ಪದ್ಧತಿ? ಅದೂ ನಮ್ಮಿಬ್ಬರ ಬದುವಿನ್ಯಾಗ?"

"ಅಲ್ಲೊಂದ ಕಡಿ ನೀರ ನಿಲ್ಲಂಗಿಲ್ಲ, ಅದಕ್ಕ."

"ಸುಣ್ಣ?"

"ಜಾಗ ಮರೀಬಾರದಂತ."

"ನಾನೂ ಸುಮ್ಮ ಬಂದಿಲ್ಲ ತಗೋ. ಮನಿಯಿಂದ ನಿಂಬಿಹಣ್ಣ ತಂದು, ಆ ಕುಣಿಯೊಳಗ ಕೊಯ್ದು, ಕುಂಕುಮ ಹಚ್ಚಿ ಒಗದು, ಮ್ಯಾಲ ಮಣ್ಣ ಎಳದೀನಿ. ಮಾಡಿದ್ದು ಮಾಡಿದಾಕಿಗೇ ತಿರುಗಲಿ ಅಂತ."

ಮಲ್ಲೇಶ್ವರಿಗೆ ನಗು ಬಂತು. ನಕ್ಕರೆ ಕೆಟ್ಟೀತೆಂದು ನುಂಗಿಕೊಂಡಳು. ತಟ್ಟೆ ತಂದಿಟ್ಟು, ಒಂದು ಕೊಂಬನ್ನು ಎತ್ತಿ ಕಟ್ಟೆಗೆ ಮೆಲ್ಲಗೆ ಬಡಿದಳು. ತಟ್ಟೆಗೆ ಕಪ್ಪಗೆ, ಪುಡಿಪುಡಿಯಾದ ಗೊಬ್ಬರ ಉದುರಿತು.

"ಮೂಸಿ ನೋಡು."

"ನಾ ಯಾಕ ಮೂಸಲಿ?" ಎನ್ನುತ್ತಲೇ ಶಿವಬಸಮ್ಮ ಬಗ್ಗಿದಳು. ಸಗಣಿಯ ನಾತವಿರಲಿಲ್ಲ. ಮೊದಲ ಮಳೆ ಬಿದ್ದ ಕರಿಮಣ್ಣಿನ ವಾಸನೆ ಇತ್ತು. ಆದರೂ ಅವಳ ಮುಖದ ಗಂಟು ಸಡಿಲವಾಗಲಿಲ್ಲ. ಖಾಲಿಯಾದ ಕೊಂಬನ್ನು ಅವಳು ಸರಿಯಾಗಿ ನೋಡಿದ್ದು ಆಗಲೇ. ತುದಿಯಲ್ಲಿ ಬೆರಳುಗುರಿನಷ್ಟು ಸೀಳಿತ್ತು. ಕೈ ತಾನಾಗಿ ಮುಂದೆ ಹೋಯಿತು.

"ಇದು ಗಂಗಿದಲ್ಲ?"

"ಹೂಂ. ಮೇವಿನ ಗ್ವಾದಲಿಗಿ ಬಡಕೊಂಡು ಸೀಳಿಕೊಂಡಿತ್ತಲ್ಲ, ಅದೇ. ಮಣ್ಣ ಮಾಡೋಕಿಂತ ಮೊದಲ ತೆಗೆಸಿ ಇಟ್ಟಿದ್ದೆ."

ಗಂಗಿ ಕೂಡಿದ ಮನೆಯ ಆಕಳು. ಎರಡೂ ಮನೆಯ ಮಕ್ಕಳು ಬೆಳೆದದ್ದು ಅದರ ಹಾಲಿನಲ್ಲೇ. ಶಿವಬಸಮ್ಮ ಸೆರಗಿನಿಂದ ಕೊಂಬಿನ ಮಣ್ಣು ಒರೆಸಿದಳು. ಸೀಳಿನ ಮೇಲೆ ಹೆಬ್ಬೆರಳು ಆಡಿಸಿದಳು.

"ನಿನ್ನ ಕಂಡ್ರ ಒದೀತಿತ್ತು."

"ನಿನ್ನ ದನಿ ಕೇಳೋತನಕ ಹಾಲ ಇಳಿಸ್ತಿದ್ದಿಲ್ಲ. ಅದಕ್ಕೂ ದೊಡ್ಡ ಸೊಸಿನೇ ಬೇಕಾಗಿತ್ತು."

ಶಿವಬಸಮ್ಮ ಕಟ್ಟೆಯ ಮೇಲೆ ಕುಳಿತಳು. "ಗಂಗಿ ಕೊಂಬಿನ್ಯಾಗ ಮಾಟ ಕುಂದ್ರಂಗಿಲ್ಲ ಬಿಡು," ಎಂದಳು. "ರೊಟ್ಟಿ ಹೊತ್ತಾಕತ್ತಾವ, ಒಳಗ ನೋಡು."

ಸಂಜೆ ಬಿಸಿಲು ಇಳಿದ ಮೇಲೆ ಹೊಲದಲ್ಲಿ ಮಲ್ಲೇಶ್ವರಿ ಬಕೀಟಿನ ನೀರಿಗೆ ಒಂದು ಹಿಡಿ ಗೊಬ್ಬರ ಹಾಕಿ ಕೋಲಿನಿಂದ ತಿರುವತೊಡಗಿದಳು. ನಡುವೆ ಸುಳಿ ಬೀಳುವತನಕ ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ; ಹೀಗೆ ಒಂದು ತಾಸು ಬಿಡದೆ ತಿರುವಬೇಕು. ಅರ್ಧಕ್ಕೇ ಅವಳ ತೋಳು ಸೋತಿತು. ಬದುವಿನ ಆಚೆ ನಿಂತಿದ್ದ ಶಿವಬಸಮ್ಮ ದಾಟಿ ಬಂದು ಕೋಲು ಕಸಿದುಕೊಂಡಳು.

"ಸರಿ ಅತ್ತಾಗ. ಮಜ್ಜಗಿ ಕಡದ ಕೈ ನಂದು."

ಸುಳಿ ಆಳವಾಗಿ ಬಿತ್ತು. ಮಲ್ಲೇಶ್ವರಿ ಬೆವರು ಒರೆಸಿಕೊಳ್ಳುತ್ತ ಕೇಳಿದಳು, "ಯಕ್ಕಾ, ಎಮ್ಮಿಕರ ಎಲ್ಲಿ ಕಟ್ಟೀ?"

"ಎಮ್ಮಿ ಬಗಲಾಗ."

"ಹಗ್ಗ ಗಟ್ಟಿ ಅದ ಏನು?"

ಕೋಲು ಒಂದು ಸುತ್ತು ನಿಧಾನವಾಯಿತು. "ಬೆಳಿಗ್ಗಿ ಬಿಚ್ಚಿಕೊಂಡಿತ್ತು," ಎಂದಳು ಶಿವಬಸಮ್ಮ. ಇನ್ನೊಂದು ಸುತ್ತು ತಿರುವಿ, "ನಿನ್ನಿನೂ," ಎಂದಳು.

"ಹಂಗಾದ್ರ ಬಾನಾಮತಿ ಕರಾನ ಕಲ್ತದ."

ಇಬ್ಬರೂ ನಕ್ಕ ಸದ್ದಿಗೆ ಕಾಲುವೆ ದಂಡೆಯ ಬೆಳ್ಳಕ್ಕಿಗಳು ಎದ್ದು ಹಾರಿದವು. ಬೇವಿನ ಸೊಪ್ಪಿನ ಕಟ್ಟನ್ನು ಅದ್ದಿ ಮಲ್ಲೇಶ್ವರಿ ತನ್ನ ಹೊಲಕ್ಕೆಲ್ಲ ಚಿಮುಕಿಸಿದಳು. ಬಕೀಟಿನಲ್ಲಿ ಉಳಿದದ್ದನ್ನು, ಕೇಳದೆ, ಬದುವಿನ ಆಚೆಗೂ ಚಿಮುಕಿಸಿದಳು. ಶಿವಬಸಮ್ಮ ಬೇಡ ಅನ್ನಲಿಲ್ಲ.

"ಆ ನಿಂಬಿಹಣ್ಣ ತೆಗೀಲೇನು?" ಎಂದು ಮಾತ್ರ ಕೇಳಿದಳು.

"ಇರಲಿ ಬಿಡು. ಅದೂ ಗೊಬ್ಬರ ಆಗತದ."

ಕಾರಹುಣ್ಣಿಮೆಯ ಹೊತ್ತಿಗೆ ಬೆಂಡೆ ಬಿಡಿಸಲು ಬಂದ ಮಲ್ಲೇಶ್ವರಿ ನೋಡುತ್ತಾಳೆ, ಬದುವಿನ ಮೇಲೆ ಶಿವಬಸಮ್ಮ ಕುಕ್ಕರಗಾಲಲ್ಲಿ ಕುಳಿತಿದ್ದಾಳೆ. ಅವಳ ಮುಂದೆ, ಕೊಂಬು ಹೂತಿದ್ದ ಜಾಗದಲ್ಲಿ, ಬೆರಳುದ್ದದ ನಿಂಬೆ ಸಸಿ.

"ಹಣ್ಣ ನಂದು," ಎಂದಳು ಶಿವಬಸಮ್ಮ, ತಲೆ ಎತ್ತದೆ.

"ಗೊಬ್ಬರ ನಂದು. ಮಾಡಿದ್ದು ಮಾಡಿದಾಕಿಗೇ ತಿರುಗಲಿ ಅಂದಿದ್ದಿ. ತಿರುಗ್ಯದ ನೋಡು."

ಶಿವಬಸಮ್ಮ ಸಸಿಯ ಬಗಲಿಗೆ ಒಂದು ಕಲ್ಲು ನಿಲ್ಲಿಸಿ, ಬುಡಕ್ಕೆ ಮಣ್ಣು ಒತ್ತುತ್ತಿದ್ದಳು. ಕಲ್ಲಿಗೆ ಬಳಿದ ಸುಣ್ಣ ಇನ್ನೂ ಹಸಿಯಾಗಿತ್ತು.