ಒಲೆಗೆ ಬಿದ್ದ ಕಾದಂಬರಿ

ಇಂದಿಗೂ ಕಾಗದ ಸುಟ್ಟ ವಾಸನೆ ಬಂದರೆ ದೊಡವಾಡದ ನಮ್ಮ ಅಡುಗೆಮನೆ ಕಣ್ಣಮುಂದೆ ಬರುತ್ತದೆ.

ಆಗ ನಾನು ಶಾಲೆಯಲ್ಲಿ ಮೂರನೇ ಇಯತ್ತೆ. ಅಪ್ಪ ಬೈಲಹೊಂಗಲದಿಂದ ತಂದ ಕಾದಂಬರಿಯನ್ನು, ಓದು ಬಾರದ ಅಜ್ಜಿಗೆ ಅವ್ವ ದಿನಾ ಮಧ್ಯಾಹ್ನ ಓದಿ ಹೇಳುತ್ತಿದ್ದಳು. ಅಂದು ಕತೆಯಲ್ಲಿ ಒಂದು ಹೆಣ್ಣುಕೂಸು ಸತ್ತಿತು. ಶೇಂಗಾ ಸುಲಿಯುತ್ತಿದ್ದ ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿದಳು.

"ಪಾಪ, ಹಡದಾಕಿ ಹೆಂಗ ತಡಕೊಂಡಾಳ?"

ಅವ್ವ ಓದು ನಿಲ್ಲಿಸಿದಳು. ಹಿಂದಿನ ವರ್ಷ ನನ್ನ ತಂಗಿ ತೀರಿಕೊಂಡಾಗ ಅಜ್ಜಿ ಆಡಿದ್ದ ಮಾತನ್ನೇ ಅವಳಿಗೆ ತಿರುಗಿಸಿದಳು:

"ಹೋಗಿದ್ದು ಹೆಣ್ಣಕೂಸು. ಅದಕ್ಯಾಕ ಇಷ್ಟ ಅಳತೀರಿ, ಅತ್ತಿ?"

ಉಳಿದ ಹಾಳೆಗಳನ್ನು ಹರಿದು, ಶೇಂಗಾ ಸಿಪ್ಪೆಯ ಜೊತೆ ಒಲೆಗೆ ತುರುಕಿದಳು.

"ಆ ತಾಯಿ ಮುಂದ ಏನಾದಳವಾ?" ಎಂದು ಅಜ್ಜಿ ಸಾಯುವವರೆಗೂ ಕೇಳುತ್ತಿದ್ದಳು. ಅವ್ವ ತಿರುಗಿ ನೋಡದೆ ಹೇಳುತ್ತಿದ್ದಳು:

"ಇನ್ನೂ ಅತ್ತಿ ಮನ್ಯಾಗ ರೊಟ್ಟಿ ಬಡ್ಯಾಕತ್ತಾಳ್ರಿ."