ಕೈಮಾತು

“ಹೆಗಲು ಎತ್ತೋಕೆ ಹೇಳಿ,” ಅಂದರು ಡಾಕ್ಟರು. ಮಗಳು ಅದನ್ನೇ ಕೈಸನ್ನೆಯಲ್ಲಿ ಅಪ್ಪನಿಗೆ ಹೇಳಿದಳು. ಹಾಸಿಗೆಯಲ್ಲಿ ಒರಗಿ ಕೂತಿದ್ದ ಅಪ್ಪ ಹಲ್ಲು ಕಚ್ಚಿ ಎತ್ತಲು ನೋಡಿದ. ಬಲಹೆಗಲು ಕದಲಲಿಲ್ಲ. “ಬೆರಳು ಬಿಡಿಸೋಕೆ ಹೇಳಿ.” ಮಡಿಚಿದ ಬೆರಳು ಮಡಿಚಿದ ಹಾಗೇ ಉಳಿದವು.

ಲಕ್ವ ಹೊಡೆದು ಅಂದಿಗೆ ಮೂರನೇ ದಿನ. ಅಪ್ಪನಿಗೂ ಅಮ್ಮನಿಗೂ ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು. ಮೂವತ್ತು ವರ್ಷದ ಸಂಸಾರದ ಜಗಳ, ಚಾಡಿ, ತಮಾಷೆ, ಸಮಾಧಾನ ಎಲ್ಲವೂ ಕೈಯಲ್ಲೇ. ಮಗಳಂತೂ ನಾಲಿಗೆ ತಿರುಗುವ ಮೊದಲೇ ಸನ್ನೆ ಕಲಿತವಳು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಪ್ಪ, ಕೈತುಂಬ ಅಂಟು ಮೆತ್ತಿಕೊಂಡಿದ್ದಾಗಲೂ ಸುಮ್ಮನಿದ್ದವನಲ್ಲ. ಕಿವಿ ಕೇಳದ ಗೆಳೆಯರ ನಡುವೆ ಅವನಿಗೆ ಹರಟೆಮಲ್ಲ ಅಂತಲೇ ಹೆಸರು.

“ಇವೆರಡು ಈಗ ಆಗಿದ್ರೆ ಕೈ ಬರುತ್ತೆ ಅಂತ ಧೈರ್ಯವಾಗಿ ಹೇಳಬಹುದಿತ್ತು. ಇನ್ನೊಂದು ಪರೀಕ್ಷೆ ಇದೆ. ಮಿದುಳಿಂದ ಕೈಗೆ ದಾರಿ ಉಳಿದಿದೆಯಾ ಅಂತ ಗೊತ್ತಾಗುತ್ತೆ,” ಅಂದರು ಡಾಕ್ಟರು. ಪಕ್ಕದ ಕೋಣೆಯಲ್ಲಿ ಅಪ್ಪನ ಕೈಗೆ ವೈರು ಅಂಟಿಸಿ, ತಲೆಗೆ ಬಳೆಯಂಥ ದಪ್ಪ ಕಾಂತವೊಂದನ್ನು ಹಿಡಿದರು. ಯಂತ್ರ ಟಕ್ ಎಂದಾಗಲೆಲ್ಲ ಬೆಚ್ಚಿದ್ದು ಮಗಳು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಪರದೆಯ ಮೇಲಿನ ಗೆರೆ ನೆಟ್ಟಗೆ ಓಡುತ್ತಲೇ ಇತ್ತು. ಒಂದು ಸಲವೂ ತಲೆ ಎತ್ತಲಿಲ್ಲ.

ಅಪ್ಪನನ್ನು ಮತ್ತೆ ಹಾಸಿಗೆಗೆ ಕರೆತಂದ ಮೇಲೆ ಡಾಕ್ಟರು ಅಂದರು: “ಕಾಲು ಬರುತ್ತೆ, ನಡೀತಾರೆ. ಹೆಗಲೂ ಸ್ವಲ್ಪ ಆಡಬಹುದು. ಆದ್ರೆ ಬೆರಳು ಕೆಲಸಕ್ಕೆ ಬರೋ ಹಾಗೆ ವಾಪಸ್ ಬರೋದು ಕಷ್ಟ. ಸುಳ್ಳು ಆಸೆ ಬೇಡ. ಎಡಗೈ ಪಳಗಿಸೋದನ್ನ ನಾಳೆಯಿಂದಲೇ ಶುರು ಮಾಡೋಣ. ಇಷ್ಟನ್ನೂ ಅವರಿಗೆ ಹೇಳಿಬಿಡಿ.”

ಮಗಳು ಎರಡೂ ಕೈ ಎತ್ತಿದಳು. ತನ್ನ ಬೆರಳುಗಳು ಅಷ್ಟು ಸಲೀಸಾಗಿ ಆಡುವುದನ್ನು ಕಂಡು ಅವಳಿಗೇ ನಾಚಿಕೆಯಾಯಿತು. ‘ಸ್ವಲ್ಪ ದಿನ ಹಿಡಿಯುತ್ತಂತೆ. ಆಮೇಲೆ ಸರಿಹೋಗುತ್ತಂತೆ.’

“ಅಷ್ಟೇನಾ? ನಾನು ಅಷ್ಟುದ್ದ ಹೇಳಿದ್ನಲ್ಲಮ್ಮ.”

“ಕೈಮಾತು ಚಿಕ್ಕದಾಗಿರುತ್ತೆ ಡಾಕ್ಟ್ರೇ.”

ಅಪ್ಪ ಎಡಗೈ ಎತ್ತಿದ. ಅರ್ಧಂಬರ್ಧ ಸನ್ನೆಗಳನ್ನು ಮಗಳೇ ಜೋಡಿಸಿಕೊಳ್ಳಬೇಕಾಯಿತು. ‘ನಿನ್ನ ಕೈ ಒಂದು ಹೇಳ್ತಿದೆ, ಮುಖ ಇನ್ನೊಂದು ಹೇಳ್ತಿದೆ. ಕಿವಿ ಇರೋರನ್ನ ಹೀಗೆ ಯಾಮಾರಿಸಬಹುದು ಪುಟ್ಟಿ, ನನ್ನನ್ನಲ್ಲ. ಸರಿಯಾಗಿ ಹೇಳು.’

ಅವಳು ಒಂದೂ ಬಿಡದೆ ಹೇಳಿದಳು. ಅಪ್ಪ ಮಂಚದ ಮೇಲೆ ಬಿದ್ದಿದ್ದ ಬಲಗೈಯನ್ನು, ಯಾರೋ ಮರೆತುಹೋದ ಸಾಮಾನನ್ನು ನೋಡುವಂತೆ ನೋಡಿದ. ಆಮೇಲೆ ಕೇಳಿದ: ‘ನಿಮ್ಮಮ್ಮಂಗೆ ಹೇಗೆ ಹೇಳಲಿ?’

‘ನಾನು ಹೇಳ್ತೀನಿ ಬಿಡಪ್ಪ.’

‘ಇದನ್ನಲ್ಲ. ಇನ್ಮೇಲೆ ಎಲ್ಲಾನೂ.’



ಮಧ್ಯಾಹ್ನ ಅಮ್ಮ ಬಂದಳು. ಬಾಗಿಲಲ್ಲೇ ಚೀಲ ಇಳಿಸಿ, ಎರಡೂ ಕೈಯಲ್ಲಿ ಪ್ರಶ್ನೆಗಳ ಸರಮಾಲೆ ಶುರು ಮಾಡಿದಳು. ಊಟ ಆಯ್ತಾ, ನಿದ್ದೆ ಬಂತಾ, ಡಾಕ್ಟರು ಏನಂದ್ರು. ಅಪ್ಪ ಉತ್ತರಿಸಲು ಹೋದ. ಎರಡು ಕೈ ಬೇಡುವ ಮಾತೊಂದು ನಡುವೆ ಬಂದು, ಎಡಗೈ ಗಾಳಿಯಲ್ಲೇ ಜೊತೆಗಾಗಿ ಕಾದು ನಿಂತಿತು. ಮಗಳು ಅವನ ಪರವಾಗಿ ಹೇಳಲು ಎದ್ದಳು. ಅಮ್ಮ ಅವಳತ್ತ ತಿರುಗದೆಯೇ, ಕೂತ್ಕೋ ಎಂದು ಸನ್ನೆ ಮಾಡಿದಳು.

ಆಮೇಲೆ ಅಪ್ಪನ ಎದುರು ಸ್ಟೂಲು ಎಳೆದುಕೊಂಡು ಕೂತಳು. ತನ್ನ ಬಲಗೈಯನ್ನು ಮಡಿಲಲ್ಲಿ ಮಡಿಚಿಟ್ಟು, ಎಡಗೈ ಒಂದರಲ್ಲೇ ಮಾತಿಗೆ ತೊಡಗಿದಳು. ತಪ್ಪಿದಳು, ತಿದ್ದಿಕೊಂಡಳು, ಮತ್ತೆ ಹೇಳಿದಳು. ಅಪ್ಪ ನಿಧಾನವಾಗಿ ಉತ್ತರ ಕೊಡತೊಡಗಿದ. ಪಕ್ಕದಲ್ಲೇ ಕೂತಿದ್ದ ಮಗಳಿಗೆ, ಹುಟ್ಟಿದಾಗಿನಿಂದ ಮೊದಲ ಸಲ, ಅವರಿಬ್ಬರ ಮಾತಿನಲ್ಲಿ ಅರ್ಧಕ್ಕರ್ಧ ಅರ್ಥವಾಗಲಿಲ್ಲ.