ಹುಟ್ಟು

"ಅಂಕಲ್, ಈ ಸಾಲು ಸರಿ ಇದೆಯಾ?" ಸಾಧನಾ ಬೆರಳಿಟ್ಟಲ್ಲೇ ಹಿರಿಯಣ್ಣನವರ ಕೆಂಪು ಪೆನ್ನೂ ನಿಂತಿತ್ತು: 'ಹುಟ್ಟೇ ಅವನಿಗೆ ಸಂಕೋಲೆಯಾಯಿತು.'

ಮುಂಬೈಯ ಮುಲುಂಡಿನಲ್ಲೇ ಬೆಳೆದ ಹುಡುಗಿ ಅಲ್ಲಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆಂದು ಬರೆದ ಮೊದಲ ಕಥೆ ಅದು. ಕಥೆಯಲ್ಲಿ, ಪ್ರಾಟೆಸ್ಟೆಂಟ್ ಮನೆಯಲ್ಲಿ ಹುಟ್ಟಿದ ಫ್ರೆಂಚ್ ತರುಣ ಮತ ಬಿಡಲೊಲ್ಲೆ ಎಂದದ್ದಕ್ಕೆ, ರಾಜನ ಹಡಗಿನಲ್ಲಿ ಸಾಯುವವರೆಗೂ ಹುಟ್ಟು ಹಾಕುವ ಶಿಕ್ಷೆ. ಹಡಗಿನ ಹುಟ್ಟು, ಜನ್ಮದ ಹುಟ್ಟು, ಎರಡೂ ಒಂದೇ ಪದದಲ್ಲಿ! ನಲವತ್ತು ವರ್ಷ ಕಥೆ ಬರೆದರೂ ತಮಗೆ ಇಂಥದೊಂದು ಸಾಲು ಒಲಿದಿರಲಿಲ್ಲ. ಕನ್ನಡವನ್ನು ತಡವರಿಸಿ ಮಾತಾಡುವ ಇವಳಿಗೆ ಒಲಿಯಿತೇ? ಹಿರಿಯಣ್ಣನವರ ಹೊಟ್ಟೆಗೆ ಕಿಚ್ಚು ಬಿದ್ದಂತಾಯಿತು.

"ಡಿಕ್ಷನರಿಯಲ್ಲಿ ಓರ್‌ಗೆ ಹುಟ್ಟು ಅಂತಿತ್ತು, ಹಾಕಿದೆ. ಆದ್ರೆ ಹುಟ್ಟು ಅಂದ್ರೆ ಬರ್ತ್ ಕೂಡ ಅಲ್ವಾ? ಓದೋರು ಕನ್‌ಫ್ಯೂಸ್ ಆಗ್ತಾರಾ?"

ತಾನೇನು ಬರೆದಿದ್ದೇನೆಂದು ಅವಳಿಗೆ ಗೊತ್ತೇ ಇಲ್ಲ!

"ಆಗ್ತಾರಮ್ಮ," ಎನ್ನುತ್ತ ಅವರು ಸಾಲಿನ ಮೇಲೆ ಗೆರೆ ಎಳೆದರು. "'ಹಡಗೇ ಅವನಿಗೆ ಜೈಲಾಯಿತು' ಅಂತ ಮಾಡು."

"ಥ್ಯಾಂಕ್ಯೂ ಅಂಕಲ್! ನೀವು ನೋಡದಿದ್ರೆ ಮಿಸ್ಟೇಕ್ ಹಾಗೇ ಪ್ರಿಂಟ್ ಆಗ್ತಿತ್ತು," ಎಂದು ಸಾಧನಾ ಅವರ ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದಳು.

ಅವಳು ತಲೆ ಎತ್ತುವಷ್ಟರಲ್ಲಿ ಹಿರಿಯಣ್ಣನವರು ಗೆರೆ ಎಳೆದ ಆ ಸಾಲನ್ನು ತಮ್ಮ ಡೈರಿಗೆ ಇಳಿಸಿಕೊಂಡಿದ್ದರು.